ಉಳಿದ ಮೂರು ಯಾಕೆ ತಪ್ಪು ಅಂತ ಕೇಳು

ಮಂಡ್ಯ

ಪ್ರೀತಿಯ ಮಗಳೇ,

ನಿನ್ನ ಮೆಸೇಜು ಓದಿದೆ. ಎಂಟನೇ ತರಗತಿಯವರ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಗೆ ಸಮಾಜ ವಿಜ್ಞಾನದ ತಯಾರಿ ನಿನ್ನ ತಲೆಗೆ ಬಂದಿದೆ, ಗೈಡ್ ತಂದಿದ್ದೀಯ, ದಿನಾ ಬಿಟ್ ಪ್ರಶ್ನೆ ಬರೆಸಿ ಬಾಯಿಪಾಠ ಮಾಡಿಸುತ್ತಿದ್ದೀಯ, ಸೋಮವಾರ ಹೇಳಿಕೊಟ್ಟದ್ದು ಗುರುವಾರಕ್ಕೆ ಮಾಯ ಅಂತ ಬೇಜಾರು ಮಾಡಿಕೊಂಡಿದ್ದೀಯ. ಫೋನಿನಲ್ಲಿ ಹೇಳಿದರೆ ಹ್ಞೂಂ ದೊಡ್ಡಮ್ಮ, ಹ್ಞೂಂ ದೊಡ್ಡಮ್ಮ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಕೂತು ಓದು.

ಮೊದಲು ಮಕ್ಕಳ ಮೇಲಿನ ಬೇಜಾರು ಬಿಡು. ‘ಮಂಗಳೂರು ಒಪ್ಪಂದ, 1784’ ಅನ್ನೋ ಒಂಟಿ ಸಾಲು ತಲೆಯಲ್ಲಿ ಎಷ್ಟು ದಿನ ನಿಲ್ಲುತ್ತೆ? ಗೂಟಕ್ಕೆ ಕಟ್ಟದ ಕರು ಸಾಯಂಕಾಲದವರೆಗೂ ಕೊಟ್ಟಿಗೆಯಲ್ಲೇ ಇರುತ್ತಾ? ನಿನಗೆ ಕೆಲಸ ಸಿಕ್ಕಿದ ಪರೀಕ್ಷೆಗೆ ನೀನು ಬಾಯಿಪಾಠ ಮಾಡಿದ್ದರಲ್ಲಿ ಈಗ ಎಷ್ಟು ನೆನಪಿದೆ, ನೀನೇ ಹೇಳು.

ಪರೀಕ್ಷೆಯ ಲೆಕ್ಕ ಒಂದು ಸಲ ನೋಡಿಕೋ. ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಎರಡಕ್ಕೂ 90 ಪ್ರಶ್ನೆ, 90 ನಿಮಿಷ. ಪಾಠದ ಪತ್ರಿಕೆಯಲ್ಲಿ ವಿಜ್ಞಾನಕ್ಕೆ 35, ಸಮಾಜಕ್ಕೆ 35, ಗಣಿತಕ್ಕೆ 20. ಪ್ರಶ್ನೆಗೆ ಒಂದು ನಿಮಿಷ ಅಂತ ಆಯಿತು, ಆದರೆ ಗಣಿತದ ಲೆಕ್ಕ ಒಂದು ನಿಮಿಷಕ್ಕೆ ಆಗಲ್ಲ, ಆ ಸಮಯ ಸಮಾಜದಿಂದಲೇ ಉಳಿಯಬೇಕು. ನಿನ್ನ ಮಕ್ಕಳು 35 ಪ್ರಶ್ನೆಯನ್ನು ಇಪ್ಪತ್ತು, ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದರೆ ಗಣಿತದ ಮೇಷ್ಟ್ರು ನಿನಗೆ ಕಾಫಿ ಕೊಡಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಹಾಗಾಗಿ ಒಂದೂ ಖಾಲಿ ಬಿಡಬಾರದು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಕಬ್ಬು ಕಟಾವಿನ ಕೂಲಿಗೆ ಹೋಗುವ ಮನೆಯಲ್ಲಿ ಈ ದುಡ್ಡಿನಿಂದ ಒಂದು ಹೆಣ್ಣುಮಗು ಪಿಯುಸಿ ತನಕ ಹೋಗುತ್ತೆ, ಇಲ್ಲದಿದ್ದರೆ ಹತ್ತಕ್ಕೇ ನಿಲ್ಲುತ್ತೆ. ಇದನ್ನು ನೀನು ತಲೆಯಲ್ಲಿ ಇಟ್ಟುಕೋ, ಮಕ್ಕಳ ತಲೆ ಮೇಲೆ ಹೇರಬೇಡ.

ಈಗ ವಿಷಯಕ್ಕೆ ಬರ್ತೀನಿ. ನಾನು ನಿನಗೆ ಹೇಳೋದು ಒಂದೇ. ಮಗು ಸರಿ ಉತ್ತರ ಹೇಳಿದ ತಕ್ಷಣ ‘ಶಭಾಷ್’ ಅಂದು ಮುಂದಕ್ಕೆ ಹೋಗಬೇಡ. ಉಳಿದ ಮೂರು ಯಾಕೆ ತಪ್ಪು ಅಂತ ಕೇಳು. ದಿನಕ್ಕೆ ಐವತ್ತು ಪ್ರಶ್ನೆ ಬೇಡ, ಐದು ಸಾಕು. ಐದು ಪ್ರಶ್ನೆಯಲ್ಲಿ ಇಪ್ಪತ್ತು ಆಯ್ಕೆ ಇರುತ್ತೆ, ಇಪ್ಪತ್ತಕ್ಕೂ ಕಥೆ ಬೇಕು.

ನಮ್ಮ ಜಿಲ್ಲೆ ಮಕ್ಕಳ ಒಂದು ಚಾಳಿ ನಿನಗೂ ಗೊತ್ತು. ಮೈಸೂರು ಸಂಸ್ಥಾನದ ಬಗ್ಗೆ ಏನೇ ಕೇಳಿದರೂ ಕಣ್ಣು ಮುಚ್ಚಿ ‘ವಿಶ್ವೇಶ್ವರಯ್ಯ’ ಅಂತಾರೆ! ಪ್ರತಿಮೆ ಊರೂರಲ್ಲೂ ಇದೆ, ಅವರದೇನು ತಪ್ಪು. ಆದರೆ ಪ್ರಶ್ನೆಪತ್ರಿಕೆ ಮಾಡುವವರಿಗೂ ಈ ಚಾಳಿ ಗೊತ್ತು. ಹಾಗಾಗಿ ಬೋರ್ಡಿನ ಮೇಲೆ ಒಂದು ಉದ್ದ ಗೆರೆ ಎಳೆದು ನಾಲ್ಕು ದಿವಾನರ ಹೆಸರು ಬರೆ. ರಂಗಾಚಾರ್ಲು, 1881ರಿಂದ 1883. ಶೇಷಾದ್ರಿ ಅಯ್ಯರ್, 1883ರಿಂದ 1901. ವಿಶ್ವೇಶ್ವರಯ್ಯ, 1912ರಿಂದ 1918. ಮಿರ್ಜಾ ಇಸ್ಮಾಯಿಲ್, 1926ರಿಂದ 1941. ನಡುವೆ ಬೇರೆ ದಿವಾನರೂ ಇದ್ದರು, ಸದ್ಯಕ್ಕೆ ಇಷ್ಟು ಸಾಕು. ಆಮೇಲೆ ಮಕ್ಕಳಿಗೆ ಗೊತ್ತಿರುವ ಒಂದೊಂದನ್ನೇ ಆ ಗೆರೆ ಮೇಲೆ ಇಡಿಸು. ಪ್ರಜಾಪ್ರತಿನಿಧಿ ಸಭೆ 1881, ಅಲ್ಲಿಗೆ ರಂಗಾಚಾರ್ಲು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ, ಆಗ ವಿಶ್ವೇಶ್ವರಯ್ಯ ಮೈಸೂರಿಗೆ ಬಂದೇ ಇರಲಿಲ್ಲ, ಅವರು ಇಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದು 1909ರಲ್ಲಿ. ಆ ವಿದ್ಯುತ್ ಯೋಜನೆ ಶುರು ಮಾಡಿಸಿದವರು ಶೇಷಾದ್ರಿ ಅಯ್ಯರ್. ಮೈಸೂರು ವಿಶ್ವವಿದ್ಯಾಲಯ 1916, ಇದು ಸರಿಯಾಗಿ ವಿಶ್ವೇಶ್ವರಯ್ಯನವರ ಪಾಲು. ಕನ್ನಂಬಾಡಿ ಕಟ್ಟೆ ಶುರುವಾದದ್ದು 1911, ಅವರಿನ್ನೂ ದಿವಾನರಾಗಿರಲಿಲ್ಲ, ಎಂಜಿನಿಯರ್ ಆಗಿದ್ದರು. ಕೆಲಸ ಮುಗಿಯುವ ಹೊತ್ತಿಗೆ 1930ರ ದಶಕ ಬಂದಿತ್ತು, ದಿವಾನರು ಮಿರ್ಜಾ. ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ 1933, ಅದೂ ಮಿರ್ಜಾ ಕಾಲ. ಅದೇ ಮಿರ್ಜಾ ಕಾಲದಲ್ಲೇ 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ. ಮರುವರ್ಷ ಮಂಡ್ಯ ಮೈಸೂರಿನಿಂದ ಬೇರೆಯಾಗಿ ಜಿಲ್ಲೆ ಆಯಿತು. ಕಾರ್ಖಾನೆ ಕಟ್ಟಿದ ಸರ್ಕಾರವೇ ಬಾವುಟ ಹಾರಿಸಿದವರನ್ನೂ ಹಿಡಿಯಿತು, ಯಾಕೆ ಅಂತ ಒಂದು ಮಗುವಾದರೂ ಕೇಳುತ್ತೆ ನೋಡು. ಕೇಳಿದರೆ ಆ ದಿನದ ಪಾಠ ಅದೇ, ಗೈಡ್ ಮುಚ್ಚಿಡು.

ಹಾಂ, ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಇದಕ್ಕೆ ಮೊದಲು ಇರ್ವಿನ್ ನಾಲೆ ಅಂತ ಹೆಸರು. ಹಳೇ ಕಾಲದವರು ಈಗಲೂ ಹಾಗೇ ಅಂತಾರೆ. 1931ರಲ್ಲಿ ಗಾಂಧೀಜಿ ಜೊತೆ ಒಪ್ಪಂದ ಮಾಡಿಕೊಂಡನಲ್ಲ ವೈಸರಾಯ್, ಅವನೇ ಈ ಇರ್ವಿನ್. ತನ್ನ ಅಪ್ಪ ಗದ್ದೆಗೆ ನೀರು ಕಟ್ಟುವ ನಾಲೆಯ ಹೆಸರಿನಲ್ಲಿ ಗಾಂಧಿ–ಇರ್ವಿನ್ ಒಪ್ಪಂದ ಇದೆ ಅಂತ ಗೊತ್ತಾದ ಹುಡುಗ ಅದನ್ನು ಮರೆಯಲ್ಲ ಕಣೇ.

ಇನ್ನು ಆಂಗ್ಲೋ–ಮೈಸೂರು ಯುದ್ಧಗಳು. ನಾಲ್ಕು ಯುದ್ಧ, ಮೂರು ಒಪ್ಪಂದ, ಮಕ್ಕಳು ಕಲಸಿಕೊಳ್ಳುವುದೇ ಇಲ್ಲಿ. ಭೂಪಟ ಹರಡಿ ಒಂದೇ ಪ್ರಶ್ನೆ ಕೇಳು: ಒಪ್ಪಂದ ಯಾರ ಮನೆ ಬಾಗಿಲಲ್ಲಿ ಆಯಿತು? ಮೊದಲನೇ ಯುದ್ಧದಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ನಿಂತಿದ್ದ, ಅದಕ್ಕೆ 1769ರ ಮದರಾಸು ಒಪ್ಪಂದ. ಎರಡನೆಯದು ನಡೆಯುತ್ತಿರುವಾಗಲೇ 1782ರಲ್ಲಿ ಹೈದರ್ ಸತ್ತ. ಟಿಪ್ಪು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ, 1784ರ ಒಪ್ಪಂದ ಮಂಗಳೂರಿನಲ್ಲೇ ಆಯಿತು. ಮೂರನೆಯದರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೇ ಬಂದ. 1792, ಶ್ರೀರಂಗಪಟ್ಟಣ ಒಪ್ಪಂದ, ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ದಂಡ, ಇಬ್ಬರು ಗಂಡುಮಕ್ಕಳು ಒತ್ತೆ. ಮದರಾಸು, ಮಂಗಳೂರು, ಶ್ರೀರಂಗಪಟ್ಟಣ. ಯುದ್ಧ ಬೇರೆಯವರ ಬಾಗಿಲಿನಿಂದ ನಮ್ಮ ಬಾಗಿಲಿಗೆ ಬಂದದ್ದು ಭೂಪಟದ ಮೇಲೇ ಕಾಣುತ್ತೆ. ನಾಲ್ಕನೆಯದರಲ್ಲಿ ಟಿಪ್ಪು ಜೊತೆ ಒಪ್ಪಂದ ಮಾಡಿಕೊಳ್ಳೋಕೆ ಟಿಪ್ಪುವೇ ಉಳಿಯಲಿಲ್ಲ, 1799ರ ಮೇ 4. ಇಷ್ಟು ಹೇಳಿದ ಮೇಲೆ ‘ಎರಡನೇ ಯುದ್ಧ ಕೊನೆಯಾದದ್ದು ಯಾವ ಒಪ್ಪಂದದಿಂದ’ ಅನ್ನೋ ಪ್ರಶ್ನೆಗೆ ಇಸವಿ ಮರೆತರೂ ಉತ್ತರ ಬರುತ್ತೆ.

ನಿಮ್ಮ ಶಾಲೆಯಿಂದ ಶ್ರೀರಂಗಪಟ್ಟಣ ದೂರವೇನೂ ಇಲ್ಲ. ಒಂದು ಶನಿವಾರ ಹೆಡ್‌ಮಾಸ್ಟರ್ ಅನುಮತಿ ತಗೊಂಡು, ಜೊತೆಗೆ ಇನ್ನೊಬ್ಬ ಮೇಡಂನ ಕರೆದುಕೊಂಡು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗು. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲೆ ಪೊಲ್ಲಿಲೂರು ಕದನದ ಚಿತ್ರ ಇದೆ. ಇದು ಎಷ್ಟನೇ ಯುದ್ಧದ್ದು, ಆಗ ಹೈದರ್ ಬದುಕಿದ್ದನಾ ಇಲ್ಲವಾ ಅಂತ ಅಲ್ಲೇ ನಿಲ್ಲಿಸಿ ಕೇಳು. ಕದನ 1780ರದ್ದು. ಲೆಕ್ಕ ಅವರೇ ಹಾಕುತ್ತಾರೆ. ಸೆಲ್ಫಿ ತೆಗೆದುಕೊಳ್ಳುವುದಕ್ಕೂ ಸ್ವಲ್ಪ ಹೊತ್ತು ಬಿಡು, ಪಾಪ.

ಎಂಟನೇ ತರಗತಿ ಇತಿಹಾಸದ ಮೊದಲ ಪಾಠ ‘ಆಧಾರಗಳು’. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ, ಶಾಸನ, ನಾಣ್ಯ ಅಂತ ಪಟ್ಟಿ ಓದಿಸಿ ಮುಗಿಸುವವರೇ ಜಾಸ್ತಿ. ನೀನು ಆತಕೂರಿನ ಕಲ್ಲಿನಿಂದ ಶುರು ಮಾಡು. ಆತಕೂರು ನಮ್ಮ ಮದ್ದೂರು ತಾಲ್ಲೂಕಿನದೇ. ಕಲ್ಲು ಸುಮಾರು 949ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ, ಗಂಗರ ಬೂತುಗ ಅವನ ಕಡೆ ನಿಂತು ಹೋರಾಡಿದ. ಬೂತುಗನ ಕಡೆಯ ವೀರ ಮಣಲೇರ. ಅವನ ಸಾಹಸಕ್ಕೆ ಮೆಚ್ಚಿ ದೊರೆ ಏನು ಬೇಕು ಕೇಳು ಅಂದರೆ, ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ‘ಕಾಳಿ’ ಅನ್ನೋ ನಾಯಿ ಕೇಳಿದ. ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿ ಮೇಲೆ ಬಿಟ್ಟರು, ಕಾದಾಡಿ ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ ಕಥೆ ಕೇಳಿ ಸುಮ್ಮನೆ ಕೂರುವ ಹುಡುಗರನ್ನು ನಾನು ಕಂಡಿಲ್ಲ. ಆಮೇಲೆ ಕೇಳು: ಈ ಕಲ್ಲು ಯಾವ ಬಗೆಯ ಆಧಾರ? ಇದರಲ್ಲಿ ಎಷ್ಟು ರಾಜಮನೆತನ ಬಂತು? ಗಂಗರು ಯಾರಿಗೆ ಸಾಮಂತರು? ಮೂರು ಪಾಠ ಒಂದೇ ಕಲ್ಲಿನಲ್ಲಿ ಆಯಿತು. ಸಾಹಿತ್ಯಿಕ ಆಧಾರಕ್ಕೂ ದೂರ ಹೋಗಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಮೌರ್ಯರ ಪಾಠಕ್ಕೆ ಇದನ್ನು ಜೋಡಿಸು.

ಭೂಗೋಳಕ್ಕೆ ಒಂದು ಕೋಲು ಸಾಕು. ಆಟದ ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಮುಕ್ಕಾಲು ಗಂಟೆ ನೆರಳಿನ ತುದಿಗೆ ಗುರುತು ಹಾಕಿಸು. ನೆರಳು ತೀರಾ ಚಿಕ್ಕದಾಗುವುದು ಗಡಿಯಾರದಲ್ಲಿ ಸರಿಯಾಗಿ ಹನ್ನೆರಡಕ್ಕೆ ಅಲ್ಲ ಅಂತ ಅವರಿಗೇ ಕಾಣಲಿ. ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ, ಮಂಡ್ಯ ಇರುವುದು ಸುಮಾರು 77ರಲ್ಲಿ. ಐದೂವರೆ ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ, 22 ನಿಮಿಷ ತಡ. ತಿಂಗಳಿಗೆ ತಕ್ಕಂತೆ ಒಂದಷ್ಟು ನಿಮಿಷ ಆಚೀಚೆ ಆಗುತ್ತೆ, ಗಾಬರಿಯಾಗಬೇಡ. ಇದು ಅರ್ಥವಾದ ಮಗು ‘ಗ್ರೀನ್‌ವಿಚ್‌ನಲ್ಲಿ ಬೆಳಿಗ್ಗೆ 6 ಆದರೆ ಭಾರತದಲ್ಲಿ ಎಷ್ಟು’ ಅನ್ನೋದಕ್ಕೆ ಸೂತ್ರ ಹುಡುಕಲ್ಲ. 82.5ನ್ನು ನಾಲ್ಕರಿಂದ ಗುಣಿಸುತ್ತೆ, 330 ನಿಮಿಷ, ಐದೂವರೆ ಗಂಟೆ, ಹನ್ನೊಂದೂವರೆ ಅನ್ನುತ್ತೆ. ಅದೇ ಕೋಲನ್ನು ಜೂನ್ ಕೊನೆಯಲ್ಲಿ ನೆಟ್ಟರೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತೆ, ಡಿಸೆಂಬರಿನಲ್ಲಿ ಉತ್ತರಕ್ಕೆ. ಆಗಸ್ಟ್ ಮಧ್ಯ ಕಳೆದ ಮೇಲೆ ಒಂದು ದಿನ ನೆರಳೇ ಇರುವುದಿಲ್ಲ, ಮೋಡ ಇರದಿದ್ದರೆ. ಕರ್ಕಾಟಕ ಸಂಕ್ರಾಂತಿ ವೃತ್ತ ನಮಗೆ ಉತ್ತರಕ್ಕಿದೆ ಅನ್ನೋದು ಅವರಿಗೆ ಆಗ ತಿಳಿಯುತ್ತೆ.

ರಾಜ್ಯಶಾಸ್ತ್ರಕ್ಕೆ ಜಾಸ್ತಿ ಹೇಳಲ್ಲ. ಗ್ರಾಮಸಭೆ ನಡೆಯುವ ದಿನ ಮಕ್ಕಳನ್ನು ಕೂರಿಸು, ಪಿಡಿಒ ಅವರನ್ನು ಶಾಲೆಗೆ ಕರೆ, ಬರ್ತಾರೆ. ವಯಸ್ಸುಗಳನ್ನು ಮೆಟ್ಟಿಲ ಹಾಗೆ ಬರೆಸು: ಓಟು ಹಾಕೋಕೆ 18, ಪಂಚಾಯಿತಿಗೆ 21, ವಿಧಾನಸಭೆ ಮತ್ತು ಲೋಕಸಭೆಗೆ 25, ಪರಿಷತ್ತು ಮತ್ತು ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಚಿಕ್ಕ ಪಾಠಗಳು. ‘ಬರೋದು ಒಂದೆರಡು ಪ್ರಶ್ನೆ’ ಅಂತ ಎಲ್ಲರೂ ಬಿಡ್ತಾರೆ, ನೀನು ಬಿಡಬೇಡ. ಏಳನೇ ತರಗತಿ ಪುಸ್ತಕವನ್ನೂ ತೆಗೆಸು, ಮಕ್ಕಳ ಹತ್ತಿರ ಇರಲ್ಲ, ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಕೇಳಿ ತಾ.

ಗೈಡ್ ಬಿಸಾಡು ಅಂತ ನಾನು ಹೇಳುತ್ತಿಲ್ಲ. ಕೊನೆಯ ಒಂದು ತಿಂಗಳು ಅದು ಬೇಕು, ಹಳೇ ಪ್ರಶ್ನೆಪತ್ರಿಕೆಗಳಂತೂ ಬೇಕೇ ಬೇಕು. ಆದರೆ ಗೈಡ್‌ನಲ್ಲಿ ಉತ್ತರ ತಪ್ಪಿರುವುದೂ ಉಂಟು. ಮಕ್ಕಳಿಗೆ ಹೇಳು, ಗೈಡ್‌ನಲ್ಲಿ ತಪ್ಪು ಹುಡುಕಿ ಪಠ್ಯಪುಸ್ತಕದ ಪುಟ ತೋರಿಸಿದವರಿಗೆ ಒಂದು ಪೆನ್ನು ಬಹುಮಾನ ಅಂತ. ಅದಕ್ಕಾಗಿ ಎರಡೂ ಪುಸ್ತಕ ಓದುತ್ತಾರೆ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯ ಜೆರಾಕ್ಸ್ ಮಾಡಿಸಿ ವಾರಕ್ಕೊಮ್ಮೆ ಗಡಿಯಾರ ಇಟ್ಟು ಬರೆಸು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ವೃತ್ತ ಒಂದು ಸಾಲು ಜಾರಿ, ಅಲ್ಲಿಂದಾಚೆ ಎಲ್ಲಾ ತಪ್ಪಾಗುತ್ತೆ. ಬುದ್ಧಿವಂತ ಮಕ್ಕಳೇ ಹೀಗೆ ಕಳೆದುಕೊಳ್ಳುವುದು. ಐದು ಪ್ರಶ್ನೆಗೊಮ್ಮೆ ಸಂಖ್ಯೆ ನೋಡಿಕೊಳ್ಳುವ ಅಭ್ಯಾಸ ಮಾಡಿಸು.

ಇನ್ನೊಂದು ಮಾತು, ಇದು ನಿನಗೆ ಇಷ್ಟ ಆಗದೇ ಇರಬಹುದು. ‘ಚೆನ್ನಾಗಿ ಓದೋ ಆರು ಜನಕ್ಕೆ ಮಾತ್ರ ಹೇಳಿಕೊಡ್ತೀನಿ’ ಅಂತ ಬರೆದಿದ್ದೀಯ. ಬೇಡ. ಅರ್ಹತೆ ಇರುವ ಎಲ್ಲರನ್ನೂ ಕೂರಿಸು. ಏಳನೇ ತರಗತಿಯಲ್ಲಿ ಶೇಕಡಾ 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 50. ಅಷ್ಟಿದ್ದರೆ ಸಾಕು. ಹಿಂದಿನ ಬೆಂಚಿನಲ್ಲಿ ಕೂತು ಸುಮ್ನೆ ಕೇಳಿಸಿಕೊಳ್ಳುವ ಮಗು ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದು ನಾನು ನೋಡಿದ್ದೇನೆ.

ಕಾಗದಪತ್ರದ ಕೆಲಸ ಈಗಲೇ ಹಿಡಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಬಾರದು, ಅದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಕೊನೆ ದಿನ ಹೋದರೆ ಸರ್ವರ್ ಇಲ್ಲ ಅಂತಾರೆ. ಆಧಾರ್, ಶಾಲಾ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕು, ಮೂರರಲ್ಲೂ ಮಗುವಿನ ಹೆಸರು ಒಂದೇ ಥರ ಇದೆಯಾ ನೋಡು. ಒಂದು ಕಡೆ ‘ಗೌಡ’ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ತೊಂದರೆ. ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಮಗು ಒಂಬತ್ತಕ್ಕೆ ಬೇರೆ ಶಾಲೆಗೆ ಹೋದರೆ ಅಲ್ಲಿನವರಿಗೆ ನೀನೇ ಫೋನ್ ಮಾಡಿ ಹೇಳು.

ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು ನಮ್ಮ ಮನೆ ಅಟ್ಟದ ಮೇಲಿದೆ. ನಿಮ್ಮಪ್ಪ ಮುಂದಿನ ವಾರ ಮಂಡ್ಯಕ್ಕೆ ಬಂದರೆ ಕೊಟ್ಟು ಕಳಿಸುತ್ತೇನೆ. ಜೊತೆಗೆ ಒಂದು ಗೋಡೆ ಭೂಪಟವೂ ಇದೆ, ಅಂಚು ಹರಿದಿದೆ, ಟೇಪ್ ಹಾಕಿಕೋ.

ನಿನ್ನ ದೊಡ್ಡಮ್ಮ