ವಯಸ್ಸನ್ನು ಬಿಟ್ಟು ಚಿತ್ರವನ್ನು ನೋಡಿ

ಸಂಪಾದಕರಿಗೆ,

ಮಾನ್ಯರೇ,

ನಿವೃತ್ತಿಯ ನಂತರ ಕ್ಯಾಮೆರಾ ಹಿಡಿದವರನ್ನು, ಅರವತ್ತು ದಾಟಿದ ಮೇಲೆ ಕುಂಚ ಕೈಗೆತ್ತಿಕೊಂಡವರನ್ನು ಪರಿಚಯಿಸುವ ಬರಹಗಳು ತಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಆಗಾಗ ಪ್ರಕಟವಾಗುತ್ತಿರುತ್ತವೆ. ಬರೆಯುವವರ ಸದಾಶಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಓದಿ ಮುಗಿಸುವ ಹೊತ್ತಿಗೆ ಕಲಾವಿದರ ವಯಸ್ಸು, ಹಿಂದಿನ ಉದ್ಯೋಗ, ಮೊಮ್ಮಕ್ಕಳ ಸಂಖ್ಯೆ ಎಲ್ಲವೂ ತಿಳಿದಿರುತ್ತದೆಯೇ ಹೊರತು, ಅವರು ಮಾಡಿದ ಚಿತ್ರ ಹೇಗಿದೆ, ಯಾವುದರಿಂದ ಮಾಡಿದ್ದು, ಎಲ್ಲಿ ಕೈಗೂಡಿದೆ, ಎಲ್ಲಿ ಸೋತಿದೆ ಎಂಬ ಬಗ್ಗೆ ಒಂದು ಮಾತೂ ಸಿಕ್ಕಿರುವುದಿಲ್ಲ. 58ನೆಯ ವಯಸ್ಸಿನಲ್ಲಿ ಛಾಯಾಗ್ರಹಣವನ್ನೂ ಅದರ ಬೆನ್ನಿಗೇ ಬಣ್ಣ, ಕಾಗದ, ಛಾಯಾಚಿತ್ರ ಮುಂತಾದವನ್ನು ಒಂದೇ ಚಿತ್ರದಲ್ಲಿ ಬೆಸೆಯುವ ಮಿಶ್ರ ಮಾಧ್ಯಮದ ಕಲೆಯನ್ನೂ ಕಲಿಯತೊಡಗಿದ, ಈಗ 64 ತುಂಬಿರುವ ನಾನು ಈ ಕೊರತೆಯ ಬಗ್ಗೆಯೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಒಂದು ಸಮೂಹ ಪ್ರದರ್ಶನದಲ್ಲಿ ನನ್ನ ಎರಡು ಕೃತಿಗಳಿದ್ದವು. ಅವುಗಳಲ್ಲಿ ಒಂದರ ಬಲ ಅಂಚಿನ ಹತ್ತಿರ, ಅಂಟಿಸಿದ ದಪ್ಪ ಕಾಗದದಲ್ಲಿ ಹೆಬ್ಬೆರಳಿನಷ್ಟು ಅಗಲದ ಗುಳ್ಳೆಯೊಂದು ಎದ್ದಿತ್ತು. ನೋಡಬಲ್ಲವರ ಕಣ್ಣಿಗೆ ಮೊದಲು ಬೀಳಬೇಕಾದ ದೋಷ ಅದು. ಆದರೆ ಮೂರು ದಿನಗಳಲ್ಲಿ ಬಂದವರೆಲ್ಲ, ಆಯೋಜಕರು ನನ್ನ ಹೆಸರಿನ ಕೆಳಗೆ ಮುತುವರ್ಜಿಯಿಂದ ಮುದ್ರಿಸಿದ್ದ ವಯಸ್ಸನ್ನು ಓದಿ, ‘ಈ ವಯಸ್ಸಿನಲ್ಲೂ ಎಂಥ ಹುಮ್ಮಸ್ಸು’ ಎಂದು ಕೈಮುಗಿದು ಮುಂದೆ ಹೋದರು. ಪಕ್ಕದ ಗೋಡೆಯಲ್ಲಿ ಇಪ್ಪತ್ತೆರಡರ ಹುಡುಗನೊಬ್ಬನ ಕೊಲಾಜ್ (ತುಣುಕುಗಳನ್ನು ಅಂಟಿಸಿ ಮಾಡಿದ ಚಿತ್ರ) ಇತ್ತು. ಹಿರಿಯ ಕಲಾವಿದರೊಬ್ಬರು ಅದರೆದುರು ಅರ್ಧ ಗಂಟೆ ನಿಂತು, ಸಂಯೋಜನೆ ಎಡಕ್ಕೆ ವಾಲಿದೆ, ಕೆಂಪು ಹೆಚ್ಚಾಗಿದೆ, ಅಂಟು ಹೊರಗೆ ಜಿನುಗಿದೆ ಎಂದು ಒಂದೊಂದಾಗಿ ಎತ್ತಿ ತೋರಿಸಿದರು. ಹುಡುಗನ ಮುಖ ಬಾಡಿತ್ತು. ನನಗೋ ಅವನ ಮೇಲೆ ಹೊಟ್ಟೆಕಿಚ್ಚು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂಬ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿದದ್ದು ಅಂದೇ.

ಆ ಗುಳ್ಳೆಯ ಕಾರಣವನ್ನು ನಾನೇ ಹುಡುಕಿಕೊಳ್ಳಲು ತಿಂಗಳುಗಳು ಹಿಡಿದವು. ದಪ್ಪ ಕಾಗದ ಅಂಟಿನಲ್ಲಿರುವ ನೀರನ್ನು ಹೀರಿ ಹಿಗ್ಗುತ್ತದೆ. ಹಿಗ್ಗುವ ಮೊದಲೇ ಅಂಚುಗಳನ್ನು ಒತ್ತಿಬಿಟ್ಟರೆ ನಡುವಿನ ಭಾಗ ಸರಿಯಲು ಜಾಗವಿಲ್ಲದೆ ಮೇಲಕ್ಕೆ ಉಬ್ಬುತ್ತದೆ. ಕಾಗದವನ್ನು ಮೊದಲೇ ತೇವ ಮಾಡಿ, ಅದು ಹಿಗ್ಗಿದ ಮೇಲೆ ಅಂಟು ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಬೇಕು. ಬಲ್ಲವರಿಗೆ ಇದು ಎರಡು ವಾಕ್ಯಗಳ ಮಾತು. ಆ ಎರಡು ವಾಕ್ಯಗಳನ್ನು ನನಗೆ ಹೇಳಲು ಅವರಿಗೆ ಅಡ್ಡ ಬಂದದ್ದು ನನ್ನ ನರೆಗೂದಲ ಮೇಲಿನ ಗೌರವ.

ಮಿಶ್ರ ಮಾಧ್ಯಮವೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ಹೊತ್ತು ಕಳೆಯುವ ಹವ್ಯಾಸವೆಂಬ ತಿಳಿವಳಿಕೆಯೂ ಈ ಗೌರವದ ಹಿಂದೆ ಇರಬಹುದು. 1912ರಲ್ಲಿ ಪಿಕಾಸೊ, ಬೆತ್ತದ ಹೆಣಿಗೆಯ ವಿನ್ಯಾಸ ಮುದ್ರಿಸಿದ್ದ ಮೇಣಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಚೌಕಟ್ಟಿನಂತೆ ಹಗ್ಗ ಬಿಗಿದಾಗ, ಯಾವುದು ಬಿಡಿಸಿದ್ದು, ಯಾವುದು ನಿಜವಾದ ವಸ್ತು ಎಂಬ ಪ್ರಶ್ನೆಯೇ ಚಿತ್ರದ ವಿಷಯವಾಯಿತು. ಆ ಪ್ರಶ್ನೆ ಇಲ್ಲದಿದ್ದರೆ ಅಂಟಿಸಿದ್ದು ಬರೀ ಅಲಂಕಾರ. ಇನ್ನು ಸಾಮಗ್ರಿಗಳಿಗೂ ತಮ್ಮವೇ ಆದ ಕಟ್ಟುನಿಟ್ಟುಗಳಿವೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣದ ಮೇಲೆ ತೈಲವರ್ಣ ಹಚ್ಚಬಹುದು. ತೈಲವರ್ಣದ ಮೇಲೆ ಅಕ್ರಿಲಿಕ್ ಹಚ್ಚಿದರೆ ಅದು ಒಂದು ದಿನ ಸಿಪ್ಪೆಯಂತೆ ಏಳುತ್ತದೆ. ಸುದ್ದಿಪತ್ರಿಕೆಯ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಎಂಬ ಅಂಶ ಇರುವುದರಿಂದ ಬೆಳಕು ಬಿದ್ದಂತೆಲ್ಲ ಅದು ಹಳದಿಗಟ್ಟುತ್ತದೆ. (ತಮ್ಮ ಪತ್ರಿಕೆಯ ಎಷ್ಟೋ ತುಣುಕುಗಳು ನನ್ನ ಚಿತ್ರಗಳಲ್ಲಿ ಹೀಗೆ ಹಳದಿಗಟ್ಟುತ್ತಿವೆ, ಕೆಲವನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ.)

ವೃತ್ತಿಯಿಂದ ನಾನು ಲೆಕ್ಕ ಬರೆಯುತ್ತಿದ್ದವಳು. ಹಳೆಯ ಲೆಡ್ಜರ್ ಹಾಳೆಗಳ ಮೇಲೆ, ನಾನೇ ತೆಗೆದ ಕೈಗಳ ಛಾಯಾಚಿತ್ರಗಳನ್ನು ಮೂಡಿಸುವುದು ನನ್ನ ಈಗಿನ ಕೆಲಸ. ಲೇಸರ್ ಪ್ರಿಂಟ್ ಮಾಡಿದ ಚಿತ್ರವನ್ನು, ಅಕ್ರಿಲಿಕ್ ಜೆಲ್ ಹಚ್ಚಿದ ಹಾಳೆಯ ಮೇಲೆ ಮುಖ ಕೆಳಗೆ ಮಾಡಿ ಒತ್ತಿ, ರಾತ್ರಿಯಿಡೀ ಒಣಗಲು ಬಿಡುತ್ತೇನೆ. ಬೆಳಿಗ್ಗೆ ಬೆನ್ನಿನ ಕಾಗದವನ್ನು ನೀರಿನಿಂದ ನೆನೆಸಿ, ಬೆರಳ ತುದಿಯಿಂದ ವೃತ್ತಾಕಾರವಾಗಿ ಉಜ್ಜಿದರೆ ಕಾಗದ ಸಣ್ಣ ಸಣ್ಣ ಉಂಡೆಗಳಾಗಿ ಬಿಟ್ಟುಬರುತ್ತದೆ. ಟೋನರ್, ಅಂದರೆ ಲೇಸರ್ ಪ್ರಿಂಟಿನ ಪುಡಿಶಾಯಿ, ಮಾತ್ರ ಜೆಲ್‌ನಲ್ಲಿ ಉಳಿಯುತ್ತದೆ. ಒಂದು ಸುತ್ತು ಹೆಚ್ಚು ಉಜ್ಜಿದರೆ ಕೈಯ ನರವೇ ಅಳಿಸಿಹೋಗುತ್ತದೆ, ಒಂದು ಸುತ್ತು ಕಡಿಮೆಯಾದರೆ ಒಣಗಿದ ಮೇಲೆ ಬಿಳಿಯ ಮಂಜು ಕವಿದಂತಾಗುತ್ತದೆ. ಮೊದಲ ಸಲ ಇಂಕ್‌ಜೆಟ್ ಪ್ರಿಂಟ್ ಬಳಸಿದ್ದೆ. ನೀರು ತಗುಲಿದೊಡನೆ ಶಾಯಿ ಕದಡಿ ಚಿತ್ರವೆಲ್ಲ ನೇರಳೆಯಾಯಿತು. ಎರಡನೆಯ ಸಲ ಚಿತ್ರ ಚೆನ್ನಾಗಿ ಮೂಡಿತು, ಆದರೆ ಅದನ್ನು ಮೊದಲೇ ಎಡ ಬಲ ತಿರುಗಿಸಿಕೊಳ್ಳಬೇಕಿತ್ತೆಂಬುದು ಹೊಳೆದಿರಲಿಲ್ಲ. ಮೂವತ್ತು ವರ್ಷ ಅಂಕಿ ಬರೆದವಳ ಛಾಯಾಚಿತ್ರದಲ್ಲಿದ್ದ ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದವು.

ವಯಸ್ಸಿನ ಮಾತೇ ಎತ್ತಬಾರದೆಂದು ನಾನು ಹೇಳುತ್ತಿಲ್ಲ. ಅದು ಕೆಲಸದೊಳಗೆ ಬರುವ ಕಡೆ ಧಾರಾಳವಾಗಿ ಬರೆಯಲಿ. ನಲವತ್ತು ದಾಟಿದಂತೆ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ ವಸ್ತು ಮಸುಕಾಗುತ್ತದೆ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರ್ ಪಕ್ಕದಲ್ಲಿರುವ ಡಯಾಪ್ಟರ್ ತಿರುಪನ್ನು ನಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕೆಂದು ತಿಳಿಯದೆ, ನಾನು ಒಂದು ವರ್ಷ ಒಳ್ಳೆಯ ಲೆನ್ಸನ್ನೇ ಬೈದುಕೊಂಡಿದ್ದೆ. 50 ಮಿ.ಮೀ. ಲೆನ್ಸ್‌ಗೆ ಸೆಕೆಂಡಿನ 50ನೆಯ ಒಂದು ಭಾಗದ ಶಟರ್ ವೇಗ (ಬೆಳಕನ್ನು ಒಳಗೆ ಬಿಡುವ ಹೊತ್ತು) ಸಾಕೆಂಬ ಹಳೆಯ ಲೆಕ್ಕ, ನಡುಗುವ ಕೈಗೆ ಹೊಂದುವುದಿಲ್ಲ. 125ನೆಯ ಭಾಗಕ್ಕೆ ಹೋಗಬೇಕು, ಇಲ್ಲವೇ ಟ್ರೈಪಾಡ್ ಹಾಕಬೇಕು. ಟ್ರೈಪಾಡ್ ಹಾಕಿದ ಮೇಲೆ ನನ್ನ ಚಿತ್ರಗಳು ನಿಧಾನವಾದವು, ಮತ್ತು ಉತ್ತಮವಾದವು. 1923ರಲ್ಲಿ, 82ನೆಯ ವಯಸ್ಸಿನಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆಗೆ ಬಣ್ಣಗಳೇ ಬೇರೆಯಾಗಿ ಕಂಡವು ಎಂಬುದು ಇಂಥ ಮಾಹಿತಿ. ಅದರಿಂದ ಅವರ ಚಿತ್ರಗಳು ಇನ್ನಷ್ಟು ಅರ್ಥವಾಗುತ್ತವೆ.

ತಡವಾಗಿ ಆರಂಭಿಸಿದವರೆಂದು ಉದಾಹರಣೆ ಕೊಡುವಾಗಲೂ ನಾವು ಪವಾಡವನ್ನೇ ಹುಡುಕುತ್ತೇವೆ. ಇಂಗ್ಲೆಂಡಿನ ಮೇರಿ ಡೆಲಾನಿ 72ನೆಯ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಹೂಗಳನ್ನು ಅಂಟಿಸಲು ಆರಂಭಿಸಿ, ಕಣ್ಣು ಮಂದವಾಗುವವರೆಗಿನ ಹತ್ತು ವರ್ಷಗಳಲ್ಲಿ ಸುಮಾರು 985 ಚಿತ್ರಗಳನ್ನು ಮಾಡಿದರು. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಆದರೆ ಆ ಕೈ ಅದಕ್ಕೂ ಮೊದಲು ದಶಕಗಳ ಕಾಲ ಕಸೂತಿಯಲ್ಲಿ ಹೂ ಹಾಕಿತ್ತು, ಕಾಗದ ಕತ್ತರಿಸಿತ್ತು. ರವೀಂದ್ರನಾಥ ಟ್ಯಾಗೋರರ ಚಿತ್ರಗಳು 1930ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ಪ್ರದರ್ಶನಗೊಂಡಾಗ ಅವರ ವಯಸ್ಸು 69ರ ಆಸುಪಾಸು. ಆ ಆಕೃತಿಗಳು ಹುಟ್ಟಿದ್ದು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳಿಂದ. ಹಿಂದಿನ ಕೆಲಸ ಮುಂದಿನದಕ್ಕೆ ಹೇಗೆ ಒದಗಿತು ಎಂಬುದು ಇಲ್ಲಿ ಬರೆಯಬೇಕಾದ ಸಂಗತಿ.

ನನಗೆ ಎಲ್ಲರಿಗಿಂತ ಇಷ್ಟವಾದವರು ಬ್ರಿಟಿಷ್ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. 1863ರ ಡಿಸೆಂಬರಿನಲ್ಲಿ, 48ನೆಯ ವಯಸ್ಸಿನಲ್ಲಿ, ಮಗಳು ಅಳಿಯ ಕೊಟ್ಟ ಕ್ಯಾಮೆರಾ ಅವರ ಕೈಸೇರಿತು. ಗಾಜಿಗೆ ಲೇಪ ಹಚ್ಚಿ, ಅದು ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿದ್ದ ಕಾಲ ಅದು. ಫೋಕಸ್ ಸರಿಯಿಲ್ಲ, ಗಾಜಿನ ಮೇಲೆ ಕಲೆಗಳಿವೆ ಎಂದು ಅಂದಿನ ಛಾಯಾಗ್ರಹಣ ಪತ್ರಿಕೆಗಳು ಅವರನ್ನು ಜಾಡಿಸಿದವು. ಆ ಟೀಕೆಯಲ್ಲಿ ತಪ್ಪಿರಬಹುದು, ಆದರೆ ಟೀಕಾಕಾರರು ಚಿತ್ರವನ್ನು ನೋಡಿದ್ದರು.

ಇನ್ನೊಂದು ವಿಷಯ. ‘ಉದಯೋನ್ಮುಖ ಕಲಾವಿದ’ರಿಗೆಂದು ಕರೆಯುವ ಸ್ಪರ್ಧೆಗಳಲ್ಲಿ ಮೂವತ್ತೈದರ ಮಿತಿ ಹಾಕಿರುವುದನ್ನು ಕಂಡಿದ್ದೇನೆ. ಹುಟ್ಟಿದ ವರ್ಷದ ಬದಲು ಕೆಲಸ ಆರಂಭಿಸಿದ ವರ್ಷವನ್ನು ಕೇಳಿದರೆ ಆಗದೇ? ನಾನು ಆರು ವರ್ಷದ ಕಲಾವಿದೆ. ನನ್ನನ್ನು ಆರು ವರ್ಷದವರ ಜೊತೆಗೇ ನಿಲ್ಲಿಸಿ ಸೋಲಿಸಲಿ.

ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಇಂಥವರನ್ನು ಪರಿಚಯಿಸುವಾಗ ಕಲಾವಿದರ ನಗುಮುಖಕ್ಕಿಂತ ಕೃತಿಯ ಚಿತ್ರ ದೊಡ್ಡದಾಗಿರಲಿ. ಅದರ ಕೆಳಗೆ ಶೀರ್ಷಿಕೆ, ಬಳಸಿದ ಸಾಮಗ್ರಿ, ಅಳತೆ, ರಚಿಸಿದ ವರ್ಷ ಇರಲಿ. ಬರೆಯುವವರು ಕೃತಿಯೆದುರು ಹತ್ತು ನಿಮಿಷ ನಿಂತು, ಗುಳ್ಳೆ ಎದ್ದಿದ್ದರೆ ಗುಳ್ಳೆ ಎದ್ದಿದೆ ಎಂದೇ ಬರೆಯಲಿ.

ಇತಿ,
ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು