ನಿನ್ನ ಪ್ಲೇಟ್‌ಲೆಟ್ ಬೇಡ ಅಂದಿದ್ದು ಯಾಕೆ ಅಂದರೆ

ಪ್ರೀತಿಯ ಗೆಳೆಯಾ,

ನಿನಗೆ ಬೇಜಾರಾಗಿದೆ ಅಂತ ಗೊತ್ತು. ನಿಮ್ಮ ಮನೆ ಗೃಹಪ್ರವೇಶದ ದಿನ ನನ್ನ ಮೂಗಿನಿಂದ ರಕ್ತ ಬರೋಕೆ ಶುರುವಾಗಿ ಒಂದು ಗಂಟೆಯಾದರೂ ನಿಲ್ಲದಿದ್ದಾಗ, ಬಂದ ನೆಂಟರನ್ನೆಲ್ಲ ಬಿಟ್ಟು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. "ನಂದೂ ಅದೇ ಗ್ರೂಪು, ನನ್ನ ಪ್ಲೇಟ್‌ಲೆಟ್ ತಗೊಳ್ಳಿ" ಅಂತ ಡಾಕ್ಟರ ಮುಂದೆ ತೋಳು ಚಾಚಿ ನಿಂತೆ. ರಕ್ತ ನಿಲ್ಲಿಸುವ ಆ ಕಣಗಳನ್ನು ನಾನು ಬೇಡ ಅಂದೆ. ಆಮೇಲೆ ನಿನ್ನ ಫೋನೇ ಇಲ್ಲ. ಅವತ್ತು ಮೂಗಿಗೆ ಪ್ಯಾಕ್ ಹಾಕಿದ್ದರು, ಬಿಡಿಸಿ ಹೇಳೋಕೆ ಆಗಲಿಲ್ಲ. ರಕ್ತ ಬೇಗ ನಿಲ್ಲದ ಇಂಥದೇ ಕಾಯಿಲೆ ಇರುವ ಇನ್ನೊಂದು ಮನೆಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಅರಸೀಕೆರೆಯಲ್ಲಿದ್ದಾಗ, ಮಗುವಿನಲ್ಲಿ ನನ್ನ ಕಿವಿ ಚುಚ್ಚಿಸಿದಾಗಲೇ ಎರಡು ದಿನ ರಕ್ತ ಜಿನುಗಿತಂತೆ. ಮೂಗಿನಲ್ಲಿ ಬಂದರೆ "ಉಷ್ಣ ಜಾಸ್ತಿ" ಅಂತ ಅಜ್ಜಿ ಗರಿಕೆ ರಸ ಹಿಂಡುತ್ತಿದ್ದಳು. ಹಾಲುಹಲ್ಲು ಬಿದ್ದ ರಾತ್ರಿ ದಿಂಬೆಲ್ಲ ಕೆಂಪು. ಕೈಕಾಲಿನ ಕಂದು ಕಲೆ ನೋಡಿ ಮೇಷ್ಟ್ರು ಮನೇಲಿ ಹೊಡೀತಾರಾ ಅಂತ ಕೇಳಿದ್ದರು, ಅಪ್ಪ ಅವತ್ತು ಊಟ ಮಾಡಲಿಲ್ಲ. ಎಲ್ಲಿ ಪರೀಕ್ಷೆ ಮಾಡಿಸಿದರೂ ಪ್ಲೇಟ್‌ಲೆಟ್ ಕೌಂಟ್ ಎರಡೂವರೆ ಲಕ್ಷ, ನಾರ್ಮಲ್. 13ನೇ ವಯಸ್ಸಿಗೆ ಮೊದಲ ಮುಟ್ಟು ಬಂತು. 3 ವಾರವಾದರೂ ನಿಲ್ಲಲಿಲ್ಲ, ಹಿಮೋಗ್ಲೋಬಿನ್ 5ಕ್ಕೆ ಇಳಿಯಿತು. ಆಗ ರೈಲಿನಲ್ಲಿ ಬೆಂಗಳೂರಿಗೆ ಕರೆತಂದರು. ಪ್ಲೇಟ್‌ಲೆಟ್ ಎಷ್ಟಿದೆ ಅಂತಲ್ಲ, ಒಂದಕ್ಕೊಂದು ಅಂಟಿಕೊಳ್ಳುತ್ತಾ ಅಂತ ನೋಡುವ ಪರೀಕ್ಷೆ ಅಲ್ಲಿ ಆಯಿತು. ಅದಕ್ಕೆ ಆಗಷ್ಟೇ ತೆಗೆದ ರಕ್ತ ಬೇಕು, ಹಾಗಾಗಿ ನಾವೇ ಲ್ಯಾಬಿನ ಬಾಗಿಲಿಗೆ ಹೋಗಬೇಕಾಯಿತು.

ಕಾಯಿಲೆಯ ಹೆಸರು ಗ್ಲಾನ್ಸ್‌ಮನ್ ಥ್ರಾಂಬಸ್ತೀನಿಯಾ. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಎಡ್ವರ್ಡ್ ಗ್ಲಾನ್ಸ್‌ಮನ್ ಇದನ್ನು ಮೊದಲು ಗುರುತಿಸಿದ್ದು. ಅಮ್ಮ ಹೂವು ಕಟ್ಟುವುದನ್ನು ನೀನು ನೋಡಿದ್ದೀಯಲ್ಲ, ಹಾಗೆ ಅಂದುಕೋ. ಪ್ಲೇಟ್‌ಲೆಟ್ ಅಂದರೆ ಮಲ್ಲಿಗೆ. ರಕ್ತದಲ್ಲಿರುವ ಫೈಬ್ರಿನೋಜನ್ ಅನ್ನೋ ಪ್ರೋಟೀನ್ ಬಾಳೆನಾರು. ಗಾಯವಾದ ಕಡೆ ನಾರು ಹೂವುಗಳನ್ನು ಹಿಡಿದು ಕಟ್ಟಬೇಕು. ನನ್ನ ಬುಟ್ಟಿ ತುಂಬ ಹೂವಿದೆ, ನಾರೂ ಇದೆ, ಆದರೆ ನನ್ನ ಹೂವಿಗೆ ತೊಟ್ಟಿಲ್ಲ, ಅಂದರೆ ನಾರು ಹಿಡಿಯಬೇಕಾದ, ಪ್ಲೇಟ್‌ಲೆಟ್ ಮೇಲಿನ ಪ್ರೋಟೀನ್ ಇಲ್ಲ. ಕಟ್ಟೋದು ಯಾವುದನ್ನು ಹಿಡಿದು? ನಿಮ್ಮಮ್ಮ ಅಷ್ಟು ಪ್ರೀತಿಯಿಂದ ಪಪ್ಪಾಯಿ ಎಲೆ ರಸ ಕಳಿಸಿದ್ದರು. ಡೆಂಗ್ಯೂನಲ್ಲಿ ಹೂವೇ ಕಡಿಮೆಯಾಗುವುದು, ನನ್ನದು ಆ ಕಥೆಯಲ್ಲ ಅಂತ ಅವರಿಗೆ ಹೇಳು.

ಈ ತೊಟ್ಟೇ ನಿನಗೆ ಬೇಡ ಅಂದದ್ದಕ್ಕೆ ಕಾರಣ. ನಿನ್ನ ಪ್ಲೇಟ್‌ಲೆಟ್‌ಗೆ ತೊಟ್ಟಿದೆ. ಹುಟ್ಟಿದಾಗಿನಿಂದ ಅದನ್ನು ಕಾಣದ ನನ್ನ ಮೈ ಯಾರೋ ಹೊರಗಿನವರು ನುಗ್ಗಿದರು ಅಂದುಕೊಂಡು ಅದರ ವಿರುದ್ಧ ಹೋರಾಡುವ ಆ್ಯಂಟಿಬಾಡಿ ಮಾಡಿಕೊಳ್ಳಬಹುದು. ಹಾಗಾದರೆ ಮುಂದೆ ಆಕ್ಸಿಡೆಂಟೋ ಹೆರಿಗೆಯೋ ಅಂತ ನಿಜವಾಗಿ ಬೇಕಾದ ದಿನ ಯಾರ ಪ್ಲೇಟ್‌ಲೆಟ್ ಹಾಕಿದರೂ ಕೆಲಸ ಮಾಡದೆ ಹೋಗಬಹುದು. ಆಗ ಉಳಿಯುವುದು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಸೆವೆನ್ ಎ ಇಂಜೆಕ್ಷನ್, ಅದರ ಶಕ್ತಿ ಬೇಗ ಇಳಿಯುತ್ತದೆ, ಎರಡೆರಡು ಗಂಟೆಗೆ ಕೊಡಬೇಕಾಗುತ್ತದೆ, ಬೆಲೆಯಂತೂ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಮೂಗಿನ ರಕ್ತಕ್ಕೆ ಟ್ರಾನೆಕ್ಸಾಮಿಕ್ ಅನ್ನೋ ರಕ್ತ ನಿಲ್ಲಿಸುವ ಮಾತ್ರೆ ಮತ್ತು ಪ್ಯಾಕ್ ಸಾಕಿತ್ತು, ನಿಂತಿತು ಕೂಡ. ನಿನ್ನದನ್ನು ಬೇಡ ಅಂದಿಲ್ಲ ಕಣೋ, ಎತ್ತಿಟ್ಟುಕೊಂಡಿದ್ದೇನೆ.

ಅಮ್ಮನ ವಿಷಯ ಒಂದು ಹೇಳಬೇಕು. ಅಪ್ಪ ಅವಳಿಗೆ ಸೋದರಮಾವ. ಇಬ್ಬರಲ್ಲೂ ಈ ಕಾಯಿಲೆಯ ದೋಷವಿರುವ ಜೀನ್ ಒಂದೊಂದು ಇತ್ತು, ಇಬ್ಬರಿಗೂ ಒಂದು ದಿನವೂ ತೊಂದರೆಯಾಗಿಲ್ಲ. ಎರಡೂ ಕಡೆಯಿಂದ ಬಂದರೆ ಮಾತ್ರ ಕಾಯಿಲೆ, ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸಂಬಂಧದಲ್ಲೇ ಮದುವೆಯಾಗುವ ನಮ್ಮ ದಕ್ಷಿಣ ಭಾರತದಲ್ಲಿ ಇದು ಬೇರೆ ಕಡೆಗಿಂತ ಜಾಸ್ತಿ ಕಾಣುವುದು ಅದಕ್ಕೇ. ಇಷ್ಟು ಗೊತ್ತಾದ ಮೇಲೂ ಅಮ್ಮ ತನ್ನನ್ನೇ ಬೈದುಕೊಳ್ಳುತ್ತಾಳೆ. ನೀನು ಬಂದಾಗ ಅವಳ ಎದುರು "ಸಂಬಂಧದಲ್ಲಿ ಯಾಕೆ ಮದುವೆ ಮಾಡಿದರು" ಅಂತ ಮಾತ್ರ ಕೇಳಬೇಡ. ಅವಳಿಗೆ ಆಗ 18 ವರ್ಷ, ಯಾರೂ ಅವಳನ್ನು ಕೇಳಿರಲಿಲ್ಲ.

ಇನ್ನೊಂದು ಮುಖ್ಯ. ನಾನು ಎಚ್ಚರ ತಪ್ಪಿದರೆ ನೀನು ಹೇಳಬೇಕಾದದ್ದು ಇಷ್ಟೇ: ಸೊಂಟಕ್ಕೆ ಇಂಜೆಕ್ಷನ್ ಬೇಡ, ಆಸ್ಪಿರಿನ್, ಬ್ರೂಫಿನ್, ಡೈಕ್ಲೋಫಿನಾಕ್ ಯಾವುದೂ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಸಾಕು. "ಕೌಂಟ್ ನಾರ್ಮಲ್ ಇದೆಯಲ್ಲ" ಅಂದರೆ ಒಪ್ಪಬೇಡ. ನನ್ನ ಪರ್ಸಿನಲ್ಲಿ ಕಾರ್ಡಿದೆ, ತೆಗೆದು ತೋರಿಸು.

ಮುಂದಿನ ತಿಂಗಳು ದವಡೆ ಹಲ್ಲು ಕೀಳಿಸಬೇಕು. ನನಗೆ ಅದು ಸಣ್ಣ ಕೆಲಸವಲ್ಲ, ಭಯವಿದೆ. ಒಂದು ವೇಳೆ ಬೇಕಾದರೆ ಅಂತ ಡಾಕ್ಟರ್ ಇಬ್ಬರು ದಾನಿಗಳನ್ನು ಸಿದ್ಧ ಇಟ್ಟುಕೊಳ್ಳಲು ಹೇಳಿದ್ದಾರೆ. ಮೊದಲನೆಯ ಹೆಸರು ನಿನ್ನದೇ ಕೊಟ್ಟೆ, ನಿನ್ನನ್ನು ಕೇಳದೆ. ಅದಕ್ಕೆ ಮೂರು ದಿನ ಮುಂಚೆಯಿಂದ ಆಸ್ಪಿರಿನ್ ಮುಟ್ಟಬೇಡ. ಅವತ್ತು ಬೆಳಿಗ್ಗೆ ಸರಿಯಾಗಿ ತಿಂಡಿ ತಿಂದು ಬಾ. ತಾರೀಖು ಗೊತ್ತಾದ ಕೂಡಲೇ ಹೇಳುತ್ತೇನೆ, ಫೋನ್ ಎತ್ತು.

ನಿನ್ನ ಗೆಳತಿ