ಜೊತೆಗೆ ಬರುವವರ ದಿನಗಳು

ಕಳೆದ ತಿಂಗಳು ದಾವಣಗೆರೆಯಿಂದ ಒಬ್ಬ ತರುಣ ಬ್ರಿಟನ್ನಿನಲ್ಲಿರುವ ನಮ್ಮ ಸಂಘಕ್ಕೆ ಫೋನ್ ಮಾಡಿದ್ದ. ಇಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಹೆಂಡತಿಯನ್ನೂ ಮೂರು ವರ್ಷದ ಮಗಳನ್ನೂ ಕರೆದುಕೊಂಡು ಬರುತ್ತೇನೆ, ಬಾಡಿಗೆ ಮನೆ ನೋಡಿಕೊಡಿ ಎಂದ. ಏಜೆಂಟ್ ‘ಎಲ್ಲಾ ಆಗುತ್ತದೆ’ ಎಂದು ಹೇಳಿ ಕಳಿಸಿದ್ದನಂತೆ. ಆಗುವುದಿಲ್ಲ. 2024ರ ಜನವರಿಯಿಂದ ಬ್ರಿಟನ್ನಿನಲ್ಲಿ ಪಾಠಪ್ರಧಾನ ಸ್ನಾತಕೋತ್ತರ ಕೋರ್ಸಿಗೆ ಸೇರುವವರು ಅವಲಂಬಿತರ ವೀಸಾದಲ್ಲಿ ಕುಟುಂಬವನ್ನು ಕರೆತರುವಂತಿಲ್ಲ. ಪಿಎಚ್.ಡಿ.ಯವರಿಗೆ, ಸಂಶೋಧನಾ ಪದವಿಯವರಿಗೆ, ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಆರು ತಿಂಗಳಿಗಿಂತ ಹೆಚ್ಚು ಓದುವವರಿಗೆ ಮಾತ್ರ ಆ ಅವಕಾಶ ಉಳಿದಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಮ್ಮ ಆಗಲೇ ಮಗುವಿಗೆ ಸ್ವೆಟರ್ ಹೆಣೆಯುತ್ತಿದ್ದಾರೆ’ ಎಂದ. ಮುಂಗಡ ಶುಲ್ಕವನ್ನೂ ಕಟ್ಟಿಯಾಗಿತ್ತು. ಇಂಥ ಸುಳ್ಳು ಭರವಸೆ ನನಗೆ ಅಕ್ಷಮ್ಯವೆನಿಸುತ್ತದೆ.

ಕರೆತರಬಲ್ಲವರು ಖರ್ಚಿನ ಲೆಕ್ಕ ಹಾಕಿಯೇ ಬರುತ್ತಾರೆ. ಲಂಡನ್ನಿನ ಹೊರಗಾದರೆ ಜೊತೆಗೆ ಬರುವ ಪ್ರತಿಯೊಬ್ಬರಿಗೂ ತಿಂಗಳಿಗೆ 680 ಪೌಂಡಿನಂತೆ ಒಂಬತ್ತು ತಿಂಗಳವರೆಗಿನ ಹಣ ಕೈಯಲ್ಲಿದೆ ಎಂದು ವೀಸಾ ಅರ್ಜಿಯಲ್ಲಿ ತೋರಿಸಬೇಕು. ವೀಸಾದ ಜೊತೆಗೇ ಕಟ್ಟುವ ಆರೋಗ್ಯ ಶುಲ್ಕ ತಲೆಗೆ ವರ್ಷಕ್ಕೆ 776 ಪೌಂಡ್. ಜೊತೆಗೆ ಬಂದವರ ಹಗಲು ಹೇಗೆ ಕಳೆಯಬೇಕೆಂಬುದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ.

ದೀಪಾವಳಿ ಕೂಟಕ್ಕೆ ಡಬ್ಬಿ ತುಂಬ ನುಚ್ಚಿನುಂಡೆ ತಂದಿದ್ದ ಒಬ್ಬ ತಾಯಿ ನೆನಪಾಗುತ್ತಾರೆ. ಹಾಸನದಲ್ಲಿ ಎಂಟು ವರ್ಷ ಗಣಿತ ಪಾಠ ಮಾಡಿದವರು. ಪತಿ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ‘ಇವತ್ತು ಬೆಳಗಿನಿಂದ ನಾನು ದೊಡ್ಡವರೊಬ್ಬರ ಜೊತೆ ಆಡಿದ ಮಾತು ಇದೇ ಮೊದಲನೆಯದು’ ಎಂದು, ಉಂಡೆ ಬಡಿಸುತ್ತಲೇ, ಮೆಲ್ಲಗೆ ಹೇಳಿದರು. ಕಾನೂನು ಅವರಿಗೆ ಪೂರ್ಣಾವಧಿ ಕೆಲಸಕ್ಕೆ ಅನುಮತಿ ಕೊಟ್ಟಿದೆ. ಆದರೆ ಎರಡು ವರ್ಷದ ಮಗುವನ್ನು ನರ್ಸರಿಗೆ ಬಿಟ್ಟರೆ ದುಡಿದದ್ದೆಲ್ಲ ಅಲ್ಲಿಗೇ ಸರಿಹೋಗುತ್ತದೆ. ಇಂಗ್ಲೆಂಡಿನಲ್ಲಿ ಮೂರು ತುಂಬಿದ ನಂತರದ ಶಾಲಾ ಅವಧಿಯಿಂದ (ಟರ್ಮ್) ನರ್ಸರಿ ವಾರಕ್ಕೆ 15 ಗಂಟೆ ಉಚಿತ. ಶಾಲೆ ನಾಲ್ಕು ತುಂಬಿದ ಮೇಲೆ ಬರುವ ಸೆಪ್ಟೆಂಬರಿನಲ್ಲಿ.

ಹೊರಡುವ ಮೊದಲೇ ದಂಪತಿಗಳು ಈ ತಿಂಗಳುಗಳ ಬಗ್ಗೆ ಎದುರುಬದುರು ಕೂತು ಮಾತಾಡಿಕೊಳ್ಳಲಿ. ಜೊತೆಗೆ ಬರುವವರು ತಮ್ಮ ಅಂಕಪಟ್ಟಿ, ಕೆಲಸದ ಅನುಭವ ಪತ್ರಗಳನ್ನು ಬೀರುವಿನಲ್ಲಿ ಬಿಟ್ಟು ಬರಬಾರದು. ಮನೆ ಹಿಡಿಯುವಾಗ ವಿಶ್ವವಿದ್ಯಾಲಯ ಎಷ್ಟು ಹತ್ತಿರ ಎಂದು ಕೇಳುವಂತೆಯೇ ಗ್ರಂಥಾಲಯ, ಉದ್ಯಾನ, ಬಸ್ ನಿಲ್ದಾಣ ಎಷ್ಟು ದೂರ ಎಂದೂ ಕೇಳಿ.

ಸಂಘದ್ದೂ ತಪ್ಪಿದೆ. ನಮ್ಮ ಕಾರ್ಯಕ್ರಮಗಳೆಲ್ಲ ಹಬ್ಬಕ್ಕೊಂದು, ಅದೂ ಸಂಜೆಯ ಹೊತ್ತಿಗೆ. ಮುಂದಿನ ತಿಂಗಳಿನಿಂದ ಪ್ರತಿ ಬುಧವಾರ ಬೆಳಿಗ್ಗೆ 10ಕ್ಕೆ ಸಭಾಂಗಣದ ಬಾಗಿಲು ತೆರೆದಿರುತ್ತದೆ. ಕಾಫಿ ನಾವು ಮಾಡುತ್ತೇವೆ. ಮಗುವಿನ ತಳ್ಳುಗಾಡಿಯನ್ನು ಒಳಗೇ ತರಬಹುದು.